ಸಹಿ ನೋಡುವ ಹಾಲಪ್ಪನವರು

ಅನುಮಾನ ಪಡುವುದಕ್ಕೆ ಸಂಬಳ ಸಿಗುವ ನೌಕರಿ ಹಾಲಪ್ಪನವರದು. ಎರ್ನಾಕುಲಂನ ಬ್ಯಾಂಕಿನಲ್ಲಿ ಚೆಕ್ಕಿನ ಮೇಲಿನ ಸಹಿ, ಗ್ರಾಹಕರು ಮೊದಲೇ ಕೊಟ್ಟ ಮಾದರಿ ಸಹಿಗೆ ಹೊಂದುತ್ತದೆಯೇ ಎಂದು ನೋಡಿ ಪಾಸು ಮಾಡುವವರು ಅವರು. ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೂ ಆ ಕೆಲಸ ಮುಗಿಯುತ್ತಿರಲಿಲ್ಲ. ಬಾಳೆಹಣ್ಣಿನವನು ನಕ್ಕು ಮಾತಾಡಿಸಿದರೆ ತಕ್ಕಡಿಯತ್ತ ನೋಡುವರು. ಡಾಕ್ಟರು ಏನೂ ಇಲ್ಲ ಎಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುವರು.

ಹುಟ್ಟುಗುಣವೇನೂ ಅಲ್ಲ. ಹೂವಿನಹಡಗಲಿಯಿಂದ ಬಂದು ತಿರುವನಂತಪುರದ ಉಳ್ಳೂರಿನ ಶಾಖೆಯಲ್ಲಿ ಕೂತಾಗ ಅವರಷ್ಟು ಮೆದು ಮನುಷ್ಯ ಇನ್ನೊಬ್ಬರಿರಲಿಲ್ಲ. ದಿನಾ ಚಹಾ ಕುಡಿಸುತ್ತಿದ್ದ ಗ್ರಾಹಕನೊಬ್ಬ ಒಂದು ದಿನ ಸ್ವಂತ ಅಣ್ಣನ ಸಹಿಯನ್ನೇ ನಕಲು ಮಾಡಿ ತಂದ. ಹಾಲಪ್ಪನವರು ಕಣ್ಣು ಮುಚ್ಚಿ ಪಾಸು ಮಾಡಿದರು. ವಿಚಾರಣೆ ನಡೆಯಿತು, ಬಡ್ತಿ ತಪ್ಪಿತು, ಎರ್ನಾಕುಲಂಗೆ ವರ್ಗವಾಯಿತು. ಅಂದಿನಿಂದ ಅವರು ಮನುಷ್ಯರನ್ನು ನಂಬುವುದು ಬಿಟ್ಟು ಡೈರಿ ಬರೆಯತೊಡಗಿದರು.

ಯಾರ ಮೇಲೆ ಯಾಕೆ ಅನುಮಾನ ಎಂಬುದೆಲ್ಲ ಅದರಲ್ಲಿ ಕನ್ನಡದಲ್ಲಿ ಇಳಿಯುತ್ತಿತ್ತು. ಶಾಖೆಯ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಕನ್ನಡ ಅಕ್ಷರ ಗೊತ್ತಿಲ್ಲ. ಹಾಗಾಗಿ ಬೀಗದ ಗೊಡವೆಯೇ ಇರಲಿಲ್ಲ, ಡೈರಿ ಮೇಜಿನ ಮೇಲೆ ಬಾಯ್ದೆರೆದುಕೊಂಡೇ ಬಿದ್ದಿರುತ್ತಿತ್ತು. ಮ್ಯಾನೇಜರ್ ರಾಮದಾಸರೇ ಒಮ್ಮೆ ಅದರ ಮೇಲೆ ಕೈಯೂರಿ, "ಜಿಲೇಬಿ ಹಾಗಿದೆ ನಿಮ್ಮ ಲಿಪಿ" ಎಂದು ಇಂಗ್ಲಿಷಿನಲ್ಲಿ ಮೆಚ್ಚಿದ್ದರು. ಅವರ ಕೈಯ ಕೆಳಗಿದ್ದ ಸಾಲು ಅವರ ಬಗ್ಗೆಯೇ ಇತ್ತು.

ಕಸ ಗುಡಿಸುವ ನಿರ್ಮಲ ಹಾವೇರಿ ಕಡೆಯವಳು. ಗಂಡ ಅಲ್ಲೇ ಹತ್ತಿರದ ಏಲೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಹಮಾಲಿ. ಅವಳ ಖಾತೆಯೂ ಇದೇ ಶಾಖೆಯಲ್ಲಿ, ಹೆಬ್ಬೆಟ್ಟಿನ ಖಾತೆ. ದುಡ್ಡು ತೆಗೆಯಬೇಕಾದಾಗಲೆಲ್ಲ ಹಾಲಪ್ಪನವರ ಎದುರು ನಿಂತು, ಫೋಟೊಗೆ ಮುಖ ಹೋಲಿಸಿ ನೋಡಿಸಿಕೊಂಡು, ಹಿಂದಿನ ಸಾಲಿನವರು ನೋಡುತ್ತಿರುವಾಗ ಬೆರಳಿಗೆ ಮಸಿ ಹಚ್ಚಿಕೊಳ್ಳಬೇಕು. ಆ ಮಸಿ ತನಗೆ ಸಾಕಾಗಿದೆ, ಇನ್ನು ಸಹಿ ಹಾಕುತ್ತೇನೆ ಎಂದು ಅವಳು ಎರಡು ತಿಂಗಳ ಹಿಂದೆ ಅರ್ಜಿ ಕೊಟ್ಟಿದ್ದಳು. ಏಲೂರಿನಲ್ಲಿ ಭಾನುವಾರ ಕನ್ನಡ ಸಂಘದ ವಯಸ್ಕರ ಶಾಲೆಯಲ್ಲಿ ಕೃಪಾ ಎಂಬ ಐಟಿ ಪಾರ್ಕಿನ ಹುಡುಗಿ ಕನ್ನಡದ ಕೂಲಿಯವರಿಗೆ ಅಕ್ಷರ ಹೇಳಿಕೊಡುತ್ತಾಳಂತೆ. ಹಾಲಪ್ಪನವರು ಅರ್ಜಿಯನ್ನು ತಡೆದು ಇಟ್ಟುಕೊಂಡರು. ನಲವತ್ತು ದಾಟಿದವಳು ಆರು ತಿಂಗಳಲ್ಲಿ ಅಕ್ಷರ ಕಲಿತಳೆಂದರೆ ಯಾರು ನಂಬುತ್ತಾರೆ? ಹೆಸರಿನ ಚಿತ್ರ ಬಿಡಿಸಲು ಯಾರೋ ಕಲಿಸಿದ್ದಾರೆ, ನಾಳೆ ಇನ್ನಾರೋ ಅದೇ ಚಿತ್ರ ಬಿಡಿಸಿಕೊಂಡು ಬರುತ್ತಾರೆ!

ಅಷ್ಟರಲ್ಲಿ ಆ ಸಂಘದವರು ಒಂದು ಶನಿವಾರ ಹೋಟೆಲೊಂದರ ಸಭಾಂಗಣದಲ್ಲಿ ಔತಣಕೂಟ ಇಟ್ಟರು. ಲೇಖಕರು ತಮ್ಮ ಬರಹ ಓದುವುದು, ಊಟಕ್ಕೆ ಬಂದವರು ವಯಸ್ಕರ ಶಾಲೆಗೆ ದೇಣಿಗೆ ಕೊಡುವುದು. ಬ್ಯಾಂಕಿಗೂ ಪಾಸು ಬಂತು. ಕಲಿತವರ ಪರವಾಗಿ ನಿರ್ಮಲ ಓದುತ್ತಾಳೆಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಇದರಲ್ಲಿ ಏನೋ ಇದೆ ಎಂದುಕೊಂಡು ಹಾಲಪ್ಪನವರು ಇಸ್ತ್ರಿ ಅಂಗಿ ತೊಟ್ಟು ಹೋದರು.

ಮಲಯಾಳದ ಕಾದಂಬರಿಕಾರರು ಕಣ್ಣು ಮುಚ್ಚಿಕೊಂಡು ಓದಿದರು. ಬೆಂಗಳೂರಿನಿಂದ ಬಂದ ಕವಿ ಮೈಕು ಬಿಡಲೊಲ್ಲರು. ಕೊನೆಗೆ ನಿರ್ಮಲ ಬಂದಳು, ಹಾಳೆ ಹಿಡಿದಳು, ಒಂದೂ ತಡವರಿಸದೆ ತನ್ನ ಊರಿನ ಬಗ್ಗೆ ಒಂದು ಪುಟ ಓದಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾಲಪ್ಪನವರು ಮಾತ್ರ ಕೂತೇ ಇದ್ದರು. ಅವಳ ಬೆರಳು ಮೂರನೆಯ ಸಾಲಿನಲ್ಲೇ ನಿಂತಿದ್ದನ್ನು ಅವರು ನೋಡಿಬಿಟ್ಟಿದ್ದರು. ಸಿಕ್ಕಿಬಿದ್ದಳು ಎಂದು ಅವರಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ?

ಕೈ ತೊಳೆಯುವ ಕಡೆ ಅವಳನ್ನು ನಿಲ್ಲಿಸಿದರು.

"ಬಾಯಿಪಾಠ ಮಾಡಿಸ್ಯಾರಲ್ಲ?"

ನಿರ್ಮಲ ಒಂದು ಗಳಿಗೆಯೂ ತಡ ಮಾಡಲಿಲ್ಲ. "ಹೌದ್ರಿ ಸಾರ್. ಅಷ್ಟು ಮಂದೀನ್ನ ನೋಡಿದ್ರ ಕಣ್ಣು ಕತ್ತಲಾಗ್ತಾವು ಅಂತ ನಾನ ಕೃಪಾ ಮೇಡಮ್‌ಗೆ ಕೇಳಿ ಬಾಯಿಪಾಠ ಮಾಡ್ಕೊಂಡೆ."

"ಅಂದ್ರ ನಿನಗೆ ಓದಾಕ ಬರಂಗಿಲ್ಲ. ಅರ್ಜಿ ಹೆಂಗ ಪಾಸು ಮಾಡ್ಲಿ?"

"ಬರ್ತೈತ್ರಿ. ನಿಮ್ಮ ಡೈರಿ ಓದೀನಲ್ಲ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು: "'ನಿರ್ಮಲ. ನನ್ನ ಮೇಜಿನ ಹತ್ತಿರ ಮಾತ್ರ ನಿಧಾನ ಗುಡಿಸುತ್ತಾಳೆ. ನಂಬಬಾರದು.' ಪುಸ್ತಕ ಬಿಟ್ಟು ನಾ ಮೊದಲ ಪೂರ್ತಿ ಓದಿದ್ದು ಅದ ರೀ. 'ನಂಬಬಾರದು' ಅನ್ನೂದಕ್ಕ ಎರಡು ದಿನ ಹಿಡೀತು. ನಿಧಾನ ಗುಡಿಸಿದ್ದು ಖರೇನ. ಅಕ್ಷರ ಕೂಡಿಸ್ಕೊಂತ ನಿಂದರ್ತಿದ್ದೆ."

ಅಷ್ಟು ಹೇಳಿ ಕೃಪಾ ಕರೆದಳೆಂದು ಹೊರಟುಹೋದಳು. ಹಾಲಪ್ಪನವರು ಊಟ ಮಾಡಲಿಲ್ಲ. ಹದಿನಾಲ್ಕು ಜನರ ಬಗ್ಗೆಯೂ ಏನೇನು ಬರೆದಿದ್ದೇನೆಂದು ನೆನೆಯುತ್ತಾ ಆಟೊದಲ್ಲಿ ಕೂತರು. ಅವಳು ಯಾರಿಗೆ ಹೇಳಿದ್ದಾಳೆ? ಕೃಪಾಗೆ ಹೇಳಿದ್ದರೆ ಕೃಪಾ ಯಾರಿಗೆ ಹೇಳಿರಬಹುದು? ಉಳ್ಳೂರಿನ ವಿಚಾರಣೆಯಲ್ಲೂ ಅವರಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ. ಅಲ್ಲಿ ಮೋಸ ಮಾಡಿದವನು ಇನ್ನೊಬ್ಬ.

ಸೋಮವಾರ ಎಲ್ಲರಿಗಿಂತ ಮೊದಲೇ ಬಂದು ಡೈರಿಯನ್ನು ಚೀಲಕ್ಕೆ ತುರುಕಿದರು. ರಾಮದಾಸರು ಬಂದು, "ಎಂದಾ ಸಾರೇ, ಏನಾಯ್ತು, ಮುಖ ಬಾಡಿದೆ?" ಎಂದು ಕೇಳಿದ್ದರಲ್ಲೂ ಏನೋ ಕೊಂಕು ಕೇಳಿಸಿತು. ಪ್ಯೂನು ನೀರು ತಂದಿಟ್ಟ ಶಬ್ದವೂ ಎಂದಿನಂತಿರಲಿಲ್ಲ. ಹತ್ತು ಗಂಟೆಯೊಳಗೆ ಅವರು ಅರ್ಜಿ ತೆಗೆದು ನಿರ್ಮಲಳನ್ನು ಕರೆದರು. ಬಾಯಿ ಮುಚ್ಚಿಸುವುದಕ್ಕೆ ಇದೇ ಬೆಲೆಯಾದರೆ ಆಗಲಿ ಎಂಬ ಲೆಕ್ಕ.

ಅವಳು ಮಾದರಿ ಕಾರ್ಡಿನ ಮೇಲೆ ಬಾಗಿ ಸಹಿ ಹಾಕಿದಳು. 'ಮ' ಬರೆದು ಉಸಿರು ತೆಗೆದುಕೊಂಡು 'ಲ' ಬರೆದಳು. ಅವಳು ಬರೆದಳೇ ಹೊರತು ಚಿತ್ರ ಬಿಡಿಸಲಿಲ್ಲ. ಇಪ್ಪತ್ತು ವರ್ಷ ಸಹಿ ನೋಡಿದ ಕಣ್ಣಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ಎರಡು ತಿಂಗಳ ಹಿಂದೆ ಕರೆದು ಕೂರಿಸಿದ್ದರೂ ಗೊತ್ತಾಗುತ್ತಿತ್ತು. ಹಾಲಪ್ಪನವರಿಗೆ ನಾಚಿಕೆಯಾಯಿತು.

"ಡೈರಿ ವಿಷಯ ಯಾರಿಗರ ಹೇಳೀಯೇನು?" ಎಂದು ಮೆಲ್ಲಗೆ ಕೇಳಿದರು.

"ನಾ ಯಾಕ ಹೇಳ್ಲಿ? ಹೇಳಿದ್ರ ನೀವು ಬರೆಯೂದು ಬಿಡ್ತೀರಿ." ಅವಳು ಖಾಲಿ ಮೇಜನ್ನು ನೋಡಿದಳು. "ಇವತ್ತು ಡೈರಿ ಇಟ್ಟಿಲ್ಲೇನ್ರಿ?"

"ಇನ್ನ ಇಡಂಗಿಲ್ಲ."

ನಿರ್ಮಲಳ ಮುಖ ಸಣ್ಣದಾಯಿತು. "ಹಂಗಾರ ನಾ ಏನು ಓದ್ಲಿ ಸಾರ್? ಮೇಡಮ್ ಕೊಟ್ಟ ಪುಸ್ತಕ ಮುಗೀತು. ಬಸ್ಸಿನ ಬೋರ್ಡು, ಅಂಗಡಿ ಹೆಸರು, ಪೇಪರು, ಎಲ್ಲಾ ಮಲಯಾಳ. ಈ ಊರಾಗ ನನಗ ಓದಾಕ ಸಿಗೂ ಕನ್ನಡ ಅಂದ್ರ ನಿಮ್ದೊಂದ. ನನ್ನ ಬೈದು ಬರದ್ರೂ ಚಿಂತಿಲ್ಲ, ಬರೀರಿ. ಒಂದೀಟು ದೊಡ್ಡ ಅಕ್ಷರದಾಗ ಬರೀರಿ."

ಅವಳು ಪೊರಕೆ ಎತ್ತಿಕೊಂಡು ಕ್ಯಾಷಿಯರನ ಕಡೆ ಹೋದಳು. ಹಾಲಪ್ಪನವರು ಚೀಲದಿಂದ ಡೈರಿ ತೆಗೆದು ಹೊಸ ಪುಟ ಬಿಡಿಸಿದರು, ತಾರೀಖು ಹಾಕಿದರು. ಮುಂದಿನ ಅಕ್ಷರ ಬರಲೊಲ್ಲದು. ಇಷ್ಟು ವರ್ಷ ಹಾಳೆ ಮೇಲೆ ಹಾಳೆ ತುಂಬಿಸಿದ ಮನುಷ್ಯ ಬೆವರಿಹೋದರು. ನಾಳೆ ಬೆಳಿಗ್ಗೆ ಒಬ್ಬಳು ಪೊರಕೆ ಹಿಡಿದು ನಿಂತು ಅಕ್ಷರ ಅಕ್ಷರವಾಗಿ ಓದುತ್ತಾಳೆ ಎಂದು ಗೊತ್ತಿರುವಾಗ ಬರೆಯುವುದು ಎಷ್ಟು ಕಷ್ಟವೆಂದು, ಶನಿವಾರ ಮೈಕು ಹಿಡಿದ ಲೇಖಕರಲ್ಲಿ ಒಬ್ಬರಾದರೂ ಹೇಳಿರಲಿಲ್ಲ.