ವಾಲ್ವಿಗಿಟ್ಟ ಕುಂಕುಮ

ಯಲಹಂಕದ ನಮ್ಮ ಮನೆಯಲ್ಲಿ ರೆಕಾರ್ಡ್ ಪ್ಲೇಯರಿನ ಸಣ್ಣ ದನಿಯನ್ನು ಹಿಗ್ಗಿಸುವ ಪ್ರಿಆಂಪ್ ಒಂದಿದೆ, ಒಳಗೆ ಎರಡು ಗಾಜಿನ ವಾಲ್ವ್‌ಗಳಿರುವ ಹಳೆಯ ಡಬ್ಬ. ಕೆಲವು ತಿಂಗಳಿಂದ ಅದು ಒಗ್ಗರಣೆಯ ಹಾಗೆ ಚಟಪಟ ಅನ್ನತೊಡಗಿತ್ತು. ಕೆಪಾಸಿಟರುಗಳಿಗೆ ವಯಸ್ಸಾಯಿತೆಂದು ತೀರ್ಮಾನಿಸಿ, ಒಳ್ಳೆಯವನ್ನು ತರಿಸಿ, ಭಾನುವಾರವಿಡೀ ಕೂತು ಬೆಸುಗೆ ಹಾಕಿದೆ. ದನಿ ತಿಳಿಯಾಯಿತು, ನಿಜ. ಆದರೆ ಚಟಪಟ ಹೋಗಲಿಲ್ಲ. ಈಗ ಅದೂ ಇನ್ನಷ್ಟು ಚೆನ್ನಾಗಿ ಕೇಳಿಸುತ್ತಿತ್ತು!

ಸಿಟ್ಟಿನಿಂದ ವಾಲ್ವ್ ಕಿತ್ತೆ. ಅದರ ಕಾಲುಗಳು ಕೂರುವ ತೂತುಗಳ ಸುತ್ತ ಕೆಂಪು ಪುಡಿ. ಕುಂಕುಮ.

ಹೆಂಡತಿಯನ್ನು ಕರೆದು ತೋರಿಸಿದೆ. "ಪ್ರತಿ ಆಯುಧಪೂಜೆಗೂ ಮೇಲಿನ ಜಾಲರಿಯಿಂದ ಹಾಕ್ತೀನಲ್ಲ," ಎಂದಳು.

"ಡಬ್ಬದ ಮೇಲೆ ಇಟ್ಟಿದ್ರೆ ಆಗ್ತಿರ್ಲಿಲ್ವಾ?"

"ಡಬ್ಬ ಏನ್ರೀ ಮಾಡುತ್ತೆ? ಬಿಸಿಯಾಗಿ ದುಡಿಯೋದು ಒಳಗಿರೋದು ತಾನೇ?"

ಬ್ರಷ್ಷಿನಿಂದ ಪುಡಿಯನ್ನೆಲ್ಲ ತೆಗೆದೆ. ಆ ಸಂಜೆ ಇಬ್ಬರೂ ಕೂತು ಕೇಳಿದೆವು. ಚಟಪಟ ಇರಲಿಲ್ಲ. ಹಾಡುವಾಕೆ ಸಾಲುಗಳ ನಡುವೆ ಉಸಿರೆಳೆದುಕೊಳ್ಳುವುದೂ ಕೇಳಿಸಿತು. "ಪಾಪ, ಇವಳಿಗೂ ಸುಸ್ತಾಗುತ್ತೆ," ಎಂದಳು ನನ್ನವಳು.

ಮುಂದಿನ ಆಯುಧಪೂಜೆಗೆ ನಾನೇ ವಾಲ್ವ್‌ಗಳನ್ನು ಬಿಚ್ಚಿ, ಅಂಗೈಯಲ್ಲಿ ಹಿಡಿದು ಅವಳ ಮುಂದೆ ನಿಂತೆ. ಕುಂಕುಮವನ್ನು ನೀರಲ್ಲಿ ಕಲಸಿ ಎರಡರ ಗಾಜಿಗೂ ಬೊಟ್ಟಿಟ್ಟಳು. ಬೆರಳಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ನನ್ನ ಹಣೆಗೆ ಹಚ್ಚಿದಳು.