ಲೇಜಿಮಿನ ಬಾಯಿ ಮುಚ್ಚಿಸಿದ ಉಸ್ತಾದರು

ಗೆಳೆಯರೇ, ಬಾಗಲಕೋಟೆಯವರೆಗೆ ರೈಲಿನಲ್ಲಿ, ಅಲ್ಲಿಂದ ಇಳಕಲ್ಲಿಗೆ ಚಕ್ಕಡಿಯಲ್ಲಿ ಬಂದ ಹೊಸ ಲೇಜಿಮುಗಳಿಂದ ಇಂದು ಸಂಜೆ ನಮ್ಮ ಗರಡಿಯ ತಾಲೀಮಿನಲ್ಲಿ ದೊಡ್ಡ ರಂಪವಾಯಿತು. ಉಸ್ತಾದ್ ಹುಸೇನಸಾಹೇಬರು ಕೆಂಡಾಮಂಡಲವಾದರು.

"ಬಿಲ್ಲು ಎಳಿಯೋರ ತೋಳು ಗಟ್ಟಿ ಆಗ್ಲಿ ಅಂತ ಹಗ್ಗದ ಬದಲಿ ಸರಪಳಿ ಕಟ್ಟಿದ ಬಿಲ್ಲದು. ನೀವು ಅದನ್ನ ಹಿಡಕೊಂಡು ಕುಣೀತೀರೇನಲೇ?"

ತಪ್ಪು ನಮ್ಮ ಕಾಲುಗಳದ್ದು. ನಾವೆಲ್ಲ ನೇಕಾರರು, ಹಗಲೆಲ್ಲ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಎಡ ಬಲ ತುಳಿಯುವವರು. ಸರಪಳಿ ಝಲ್ ಎಂದರೆ ಪಾದ ಸುಮ್ಮನಿರುವುದಿಲ್ಲ. ಅದೂ ಅಲ್ಲದೆ ಮೊಹರಂ ಹತ್ತಿರ ಬಂದಿದೆ. ಹೆಜ್ಜೆ ಇಲ್ಲದಿದ್ದರೆ ಮೆರವಣಿಗೆಯಲ್ಲಿ ನಮ್ಮನ್ನು ಯಾರು ನೋಡುತ್ತಾರೆ?

ಉಸ್ತಾದರು ಸರಪಳಿಗಳಿಗೆಲ್ಲ ಚಿಂದಿ ಸುತ್ತಿಸಿದರು. "ಈಗ ಕುಣೀರಿ ನೋಡೂಣ!"

ಸದ್ದು ನಿಂತಿತು, ಅದರ ಜೊತೆ ನಮ್ಮ ಲೆಕ್ಕವೂ ತಪ್ಪಿತು. ಒಬ್ಬ ಬಗ್ಗುವಾಗ ಇನ್ನೊಬ್ಬ ಎದ್ದ. ನನ್ನ ಮೊಣಕೈ ಗೆಳೆಯ ಈರಪ್ಪನ ಪಕ್ಕೆಗೆ, ಈರಪ್ಪನ ಲೇಜಿಮು ಉಸ್ತಾದರ ತಲೆಯ ರುಮಾಲಿಗೆ. ರುಮಾಲು ಕೆಮ್ಮಣ್ಣಿಗೆ ಬಿತ್ತು.

ಉಸ್ತಾದರು ರುಮಾಲು ಝಾಡಿಸಿ ಸುತ್ತಿಕೊಂಡು, "ಚಿಂದಿ ಬಿಚ್ಚರಿ" ಎಂದರು.

"ಹೆಜ್ಜಿ ಹಾಕಬೌದೇನ್ರಿ?" ಎಂದು ಈರಪ್ಪ ಕೇಳಿದ.

"ಹಾಕ್ರಿ. ಆದ್ರ ಯಾರೂ ನಗಬ್ಯಾಡ್ರಿ. ನಕ್ರ ಅದು ಕುಣಿತ ಆಗ್ತೈತಿ."

ಕಂದೀಲು ಹಚ್ಚುವ ತನಕ ಹಲ್ಲು ಕಚ್ಚಿ ಹೆಜ್ಜೆ ಹಾಕಿದೆವು. ಓಣಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ನಿಂತು ಬೇಕಾದಷ್ಟು ನಕ್ಕರು, ಅವರಿಗೆ ಉಸ್ತಾದರ ಕಟ್ಟಳೆ ಇಲ್ಲವಲ್ಲ! ಇಳಕಲ್ಲಿನಲ್ಲಿ ಇಂದು ಯಾರೂ ಕುಣಿದಿಲ್ಲ. ಬೇಕಾದರೆ ನಮ್ಮ ಮುಖ ನೋಡಿ.