ಸ್ವೀಡನ್ನಿನ ಹುಡುಗಿಯ ಕಾಗದ

ಮೊನ್ನೆ ಅತ್ತಿಗುಪ್ಪೆಯ ಅಂಗಡಿಯೊಂದರಲ್ಲಿ ಊದುಬತ್ತಿಯ ಕಟ್ಟನ್ನು ಮೂಗಿಗೆ ಹಿಡಿದೆ. ಬತ್ತಿಗೆ ಹಚ್ಚುವ ಮಸಾಲೆಯ ಅದೇ ವಾಸನೆ... ರಾಜಾಜಿನಗರದ ವಠಾರದಲ್ಲಿದ್ದ ಪಕ್ಕದ ಮನೆ ಅಕ್ಕನ ಕೈ ಸದಾ ಹೀಗೇ ಘಮಘಮಿಸುತ್ತಿತ್ತು.

ಅದು ಎಪ್ಪತ್ತರ ದಶಕ. ನನಗೆ ಹದಿನೈದು, ಅವಳಿಗೆ ಹದಿನೇಳು. ಅವಳಪ್ಪ ತೀರಿಕೊಂಡ ಮೇಲೆ ಅವಳನ್ನು ಎಂಟನೇ ಕ್ಲಾಸಿಗೇ ಬಿಡಿಸಿ ಊದುಬತ್ತಿ ಹೊಸೆಯಲು ಕೂರಿಸಿದ್ದರು. ಆದರೆ ಶಾಲೆಯಲ್ಲಿ ಟೀಚರ್ ಗೊತ್ತುಮಾಡಿಕೊಟ್ಟಿದ್ದ ಪತ್ರಸ್ನೇಹಿತೆಯನ್ನು ಅವಳು ಬಿಟ್ಟಿರಲಿಲ್ಲ. ಸ್ವೀಡನ್ನಿನ ಹುಡುಗಿ. ಅಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬಂದ ಕಾಗದ ಓದಿ ಹೇಳುವುದು, ಉತ್ತರ ಬರೆದುಕೊಡುವುದು ನನ್ನ ಕೆಲಸ.

"ಹೊಸೀತಾ ಎಲ್ರೂ ಹಾಡು ಹೇಳ್ತೀವಿ, ಬಿದ್ದು ಬಿದ್ದು ನಗ್ತೀವಿ ಅಂತ ಬರಿ ಕಣೇ" ಎನ್ನುತ್ತಿದ್ದಳು.

ನನಗೋ ಹೊಟ್ಟೆಕಿಚ್ಚು. ಆ ಹುಡುಗಿಗೆ ತನ್ನದೇ ಕೋಣೆ, ಸೈಕಲ್ಲು, ಶಾಲೆಯಲ್ಲೇ ಬಿಸಿ ಊಟ. ನಾವು ಆರು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಕ್ಲಾಸಿಗೆ ಫಸ್ಟ್ ಬರಬೇಕೆಂದು ನಾನು ಬಚ್ಚಲಮನೆಯಲ್ಲಿ ಕೂತು ಓದುತ್ತಿದ್ದೆ.

ಒಂದು ದಿನ ಆ ಹುಡುಗಿ ಬರೆದಿದ್ದಳು: ನನಗೆ ಎಲ್ಲ ಇದೆ, ಆದರೂ ಬೆಳಗ್ಗೆ ಏಳಲು ಮನಸ್ಸಿಲ್ಲ, ಪರೀಕ್ಷೆ ಎಂದರೆ ಅಳು ಬರುತ್ತದೆ. ನಿನ್ನ ಕಾಗದ ಬಂದ ದಿನವಷ್ಟೇ ನಗುತ್ತೇನೆ. ನೀನು ಹೇಗೆ ಇಷ್ಟು ಖುಷಿಯಾಗಿರುತ್ತೀ?

ಅಬ್ಬಾ, ಮೈಯೆಲ್ಲ ಉರಿದುಹೋಯಿತು! ಎಲ್ಲ ಇದ್ದವಳಿಗೆ ಅಳು, ಶಾಲೆ ಬಿಟ್ಟವಳಿಗೆ ಖುಷಿ. ಮೈಮುರಿದು ಓದುತ್ತಿದ್ದ ನನಗೆ ಎರಡಕ್ಕೂ ಪುರುಸೊತ್ತಿಲ್ಲ. ಅಕ್ಷರ ಅಕ್ಷರವನ್ನೂ ಬರೆದ ನನ್ನನ್ನಂತೂ ಕೇಳುವವರೇ ಇಲ್ಲ.

"ಏನಂತೆ ಕಣೇ?" ಎಂದಳು ಅಕ್ಕ.

"ಓದೋದು ಜಾಸ್ತಿ ಇದೆಯಂತೆ. ಇನ್ಮೇಲೆ ಬರೀಬೇಡ ಅಂದಿದಾಳೆ."

ಅವಳ ಕೈ ನಿಂತಿತು. "ಹೋಗ್ಲಿ ಬಿಡು, ಓದ್ಕೊಳ್ಲಿ ಪಾಪ. ನಿಂಗೂ ಪರೀಕ್ಷೆ ಹತ್ರ ಬಂತಲ್ಲ" ಎಂದು ಮತ್ತೆ ಹೊಸೆಯತೊಡಗಿದಳು. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಇನ್ನೊಂದು ಕಾಗದ ಬಂತು. ಪೋಸ್ಟ್‌ಮ್ಯಾನ್ ಕೈಯಿಂದ ನಾನೇ ಇಸಕೊಂಡು, ಒಡೆಯದೆ ಒಲೆಗೆ ಹಾಕಿದೆ. ಮತ್ತೆ ಬರಲಿಲ್ಲ.

ನಾನು ಡಿಗ್ರಿ ಮುಗಿಸಿದೆ, ಕೆಲಸ ಸಿಕ್ಕಿತು. ಅಕ್ಕ ಮದುವೆಯಾಗಿ ಲಗ್ಗೆರೆಗೆ ಹೋದಳು. ಹೊಟ್ಟೆಕಿಚ್ಚಿನಿಂದ ಹಾಗೆ ಮಾಡಿದೆ ಎಂದು ಒಮ್ಮೆಯಾದರೂ ಹೇಳಿಬಿಡಬೇಕೆಂದು, ನಿನ್ನೆ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದದ್ದು ಅವಳ ಮಗಳು. ಅಕ್ಕ ತೀರಿಕೊಂಡು ವರ್ಷವಾಗಿತ್ತು. ರಾಜಾಜಿನಗರದ ವಠಾರದವಳು ಎಂದೆ.

"ಕಾಗದ ಬರೆದುಕೊಡ್ತಿದ್ದೋರು ನೀವೇನಾ ಆಂಟಿ? 'ಆ ಫಾರಿನ್ ಹುಡುಗಿಗೆ ನಾನು ಬೇಡವಾದೆ, ಆದ್ರೆ ಪಕ್ಕದ ಮನೆ ಹುಡುಗಿ ಒಂದು ದಿನಾನೂ ಬೇಜಾರು ಮಾಡ್ಕೊಳ್ದೆ ಬರೆದುಕೊಟ್ಲು' ಅಂತ ಅಮ್ಮ ಕೊನೇವರೆಗೂ ಹೇಳ್ತಿದ್ರು."

ನಾನೇ ಎಂದೆ. ಅವಳು ಕೊಟ್ಟ ಕಾಫಿ ಕುಡಿದು, ಏನೂ ಹೇಳದೆ ಎದ್ದು ಬಂದೆ.